ಮಂಜಿನ ಹಾದಿ, ಹೊಳೆಯ ಎರಡು ದಂಡೆ

ಡಿಸೆಂಬರ್ ಬಂತೆಂದರೆ ಗೆಳೆಯರ ಫೋಟೋಗಳಲ್ಲೆಲ್ಲ ಒಂದೇ ಬಣ್ಣ, ಬಿಳಿ. ಹೊಸದಾಗಿ ಮದುವೆಯಾದವರು ಮನಾಲಿಗೆ ಓಡುತ್ತಾರೆ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಗಂಡ-ಹೆಂಡಿರು ಬಾಡಿಗೆ ಕಾರು ಹಿಡಿದು ಕೊಲರಾಡೋದ ಹಿಮದ ಬೆಟ್ಟಗಳನ್ನು ಸುತ್ತಿ ಬಂದು, ಮೂಗು ಕೆಂಪಾದ ಪಟ ಹಾಕುತ್ತಾರೆ. ನಮಗೆ ಈ ಸಲ ಸಿಕ್ಕಿದ್ದು ಸಂಕ್ರಾಂತಿಯ ಹಿಂದೆ-ಮುಂದೆ ನಾಲ್ಕು ದಿನ ರಜೆ. ಹೋಗಿದ್ದು ದಾವಣಗೆರೆ ಮತ್ತು ಹರಿಹರಕ್ಕೆ. ನಗಬೇಡಿ :)

ಕನ್ನಡದಲ್ಲಿ ಒಂದು ಅನುಕೂಲ ಇದೆ. ಆಕಾಶದಿಂದ ಬೀಳೋ ಹಿಮಕ್ಕೂ, ಬೆಳಗಿನ ಜಾವ ಹೊಲದ ಮೇಲೆ ಕೂರೋ ಇಬ್ಬನಿಯ ಮುಸುಕಿಗೂ 'ಮಂಜು' ಅಂದರೆ ನಡೆಯುತ್ತೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಮಂಜು ನೋಡಿಕೊಂಡು ಬಂದ್ವಿ" ಅಂದುಬಿಡಬಹುದು. ಸಿರಾ ದಾಟಿ ಹಿರಿಯೂರಿನ ಕಡೆ ಹೊರಟಾಗ ನಿಜಕ್ಕೂ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಮಾತ್ರ ಮಂಜಿನ ಮೇಲೆ ಎದ್ದು ತಿರುಗುತ್ತಿದ್ದವು. ಪಕ್ಕದ ಸೀಟಿನಲ್ಲಿ ಕರಿ ಕಂಬಳಿ ಹೊದ್ದು ಕೂತಿದ್ದ ನನ್ನವಳು, "ಮನಾಲಿ ಬಿಟ್ಟು ಮಂಡಕ್ಕಿ ತಿನ್ನಾಕ ಕರ್ಕೊಂಡ ಹೊಂಟೀರಲ್ರೀ" ಅಂತ ನಕ್ಕಳು.

ಆ ಮಾತಿನಲ್ಲೇ ಈ ಬರಹದ ವಿಷಯ ಇದೆ. ನಾನು ದಾವಣಗೆರೆಯವನು. ಅವಳು ರಾಣೆಬೆನ್ನೂರು ಕಡೆಯವಳು. ಎರಡೂ ಊರಿನ ನಡುವೆ ಒಂದು ಗಂಟೆಯ ದಾರಿಯೂ ಇಲ್ಲ, ಮಧ್ಯದಲ್ಲಿ ತುಂಗಭದ್ರೆ ಇದ್ದಾಳೆ ಅಷ್ಟೆ. ಆದರೆ ಮದುವೆ ಮಾತುಕತೆಯ ಹೊತ್ತಿನಲ್ಲಿ ನಮ್ಮ ಮನೆಯ ಹಿರಿಯರು "ಹುಡುಗಿ ಮುಂಬಯಿ ಸೀಮೆಯವಳು" ಅಂದರೆ, ಅವರ ಮನೆಯ ಹಿರಿಯರು "ವರ ಮೈಸೂರು ಸೀಮೆಯವ" ಅಂದರಂತೆ. ರಾಣೆಬೆನ್ನೂರು ಎಲ್ಲಿ, ಮುಂಬಯಿ ಎಲ್ಲಿ! 1956ರಲ್ಲಿ ಅಳಿಸಿಹೋದ ಗಡಿಯೊಂದು ನಮ್ಮ ಹಿರಿಯರ ನಾಲಿಗೆಯ ಮೇಲೆ ಇನ್ನೂ ಕೂತಿದೆ. ಆ ಗಡಿ ಹೇಗೆ ಬಂತು, ಅದು ಇದ್ದಾಗಲೂ ಜನ ಹೇಗೆ ಓಡಾಡಿಕೊಂಡಿದ್ದರು ಅನ್ನೋದನ್ನು ದಾರಿಯುದ್ದಕ್ಕೂ ಇಬ್ಬರೂ ಮಾತಾಡಿಕೊಂಡು ಹೋದೆವು. ಅದನ್ನೇ ಇಲ್ಲಿ ಸ್ವಲ್ಪ ಓರಣವಾಗಿ ಬರೆಯುತ್ತಿದ್ದೇನೆ.

ಕಂಬಳಿಯ ಊರು

ಮೊದಲು ದಾವಣಗೆರೆ. ಹೆಸರಿನ ಬಗ್ಗೆ ನಮ್ಮೂರಲ್ಲಿ ತಲೆಗೊಂದು ಕಥೆ. ದಣಿದ ಕುದುರೆಗಳಿಗೆ ನೀರು ಕುಡಿಸುತ್ತಿದ್ದ 'ದಣಿವಿನ ಕೆರೆ' ಅನ್ನುವವರಿದ್ದಾರೆ. ಕುದುರೆ ಕಟ್ಟುವ 'ದಾವಣಿ'ಯಿಂದ ದಾವಣಿಕೆರೆ ಆಯಿತು ಅನ್ನುವವರೂ ಇದ್ದಾರೆ. ಯಾವುದು ಸರಿ ಅನ್ನೋ ಜಗಳಕ್ಕೆ ನಾನು ಹೋಗಲ್ಲ. ಎರಡು ಕಥೆಯಲ್ಲೂ ಸಮಾನವಾದದ್ದು ಒಂದಿದೆ: ದಾರಿಹೋಕರು ನಿಂತು ಸುಧಾರಿಸಿಕೊಳ್ಳುವ ಜಾಗ ಇದು.

18ನೇ ಶತಮಾನದವರೆಗೂ ಇದೊಂದು ಸಣ್ಣ ಹಳ್ಳಿ. ಹೈದರ್ ಅಲಿ ಇದನ್ನು ಅಪ್ಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆದು ಇಲ್ಲಿ ನೆಲೆ ನಿಲ್ಲಿಸಿದ. ಕೋಟೆಯಿಲ್ಲ, ರಾಜಧಾನಿಯಲ್ಲ, ದೊಡ್ಡ ದೇವಸ್ಥಾನವೂ ಇಲ್ಲ. ಪೇಟೆಯಿಂದಲೇ ಬೆಳೆದ ಊರು ನಮ್ಮದು. ಮಲೆನಾಡಿನ ನಗರ, ಸಾಗರದ ಕಡೆಯ ಅಡಿಕೆ ಮತ್ತು ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ತಮಿಳುನಾಡಿನ ವಾಲಾಜಾಪೇಟೆಗೆ ಹೋಗುತ್ತಿತ್ತು. ತಿರುಗಿ ಬರುವಾಗ ಎತ್ತುಗಳ ಬೆನ್ನ ಮೇಲೆ ಮದ್ರಾಸು ಬಂದರಿನ ಸರಕು: ಉಪ್ಪು, ಯೂರೋಪಿನ ಸಾಮಾನು, ಚೀನಾದ ಸಾಮಾನು. ಬಯಲುಸೀಮೆಯ ಒಂದು ಕೆರೆಯ ದಂಡೆಯ ಊರಿಗೆ ಆಗಲೇ ಚೀನಾದ ಮಾಲು ಬರುತ್ತಿತ್ತು ಅಂದರೆ ನೋಡಿ.

ಇಲ್ಲಿಂದ ಹೊರಗೆ ಹೋಗುತ್ತಿದ್ದ ಸ್ವಂತ ಮಾಲು ಕಂಬಳಿ. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹರಿಹರ ಮತ್ತು ದಾವಣಗೆರೆಗಳನ್ನು ಹಾದು ಹೋದ. ಇಲ್ಲಿನ ಕಂಬಳಿ ನೇಯ್ಗೆಯನ್ನು ಗುರುತು ಹಾಕಿಕೊಂಡ. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ಸಿಗುತ್ತದೆ. ಹಿಂದೆ ಇಲ್ಲಿ ಹೇಳಿ ಮಾಡಿಸುತ್ತಿದ್ದ ಅತಿ ನವುರಾದ ಕಂಬಳಿ ಒಂದಕ್ಕೆ 200-300 ರೂಪಾಯಿ ಬೆಲೆ ಇತ್ತಂತೆ. ಆ ಕಾಲದ 300 ರೂಪಾಯಿ!

ಬಯಲುಸೀಮೆಯ ಕುರಿಯ ಉಣ್ಣೆ. ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿ, ಕುರುಬರ ಮನೆಗಳ ಮಗ್ಗದಲ್ಲಿ ನೇಯುವುದು. ಹೀಗೆ ಒತ್ತಾಗಿ ನೇಯ್ದ ಕಂಬಳಿಯಲ್ಲಿ ಮಳೆನೀರು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಮಲೆನಾಡಿನವರು ಅದನ್ನೇ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಗದ್ದೆ ನಾಟಿ ಮಾಡುತ್ತಿದ್ದರು. ಚಳಿಗೆ ಹೊದಿಕೆ, ಮಳೆಗೆ ಛತ್ರಿ, ಮದುವೆಗೆ ಹಾಸು, ದೇವರಿಗೆ ಗದ್ದುಗೆ. ಹಿಮ ಬೀಳದ ನಾಡಿನಲ್ಲೂ ಚಳಿಗಾಲಕ್ಕೆ ಅಂತ ಇಷ್ಟು ಅಚ್ಚುಕಟ್ಟಾದ ತಯಾರಿ ಇತ್ತು. ನನ್ನವಳು ಹೊದ್ದಿದ್ದ ಕಂಬಳಿ ಅವಳ ತವರಿನದು. "ಇದ ಮುಂಬಯಿ ಸೀಮೆದು, ನಿಮ್ಮ ಮೈಸೂರಿಂದಲ್ಲ" ಅಂತ ಹಕ್ಕು ಸಾಧಿಸಿದಳು. ಕುರಿಗಳಿಗೆ ಯಾವ ಸೀಮೆ? ಮೇವು ಇದ್ದ ಕಡೆ ಹೊಳೆ ದಾಟುತ್ತವೆ.

ದೋಸೆ ಬಂದ ದಾರಿ

ದಾವಣಗೆರೆ ಅಂದರೆ ಈಗ ಎಲ್ಲರಿಗೂ ಬೆಣ್ಣೆದೋಸೆ. ಬೆಂಗಳೂರಿನ ಬಡಾವಣೆಗೊಂದು 'ದಾವಣಗೆರೆ ಬೆಣ್ಣೆದೋಸೆ' ಬೋರ್ಡು ಇದೆ. ಈ ದೋಸೆಯ ಹುಟ್ಟಿನ ಬಗ್ಗೆ ಊರಲ್ಲಿ ಹೇಳುವ ಕಥೆ ಹೀಗಿದೆ: 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹುಯ್ಯಲು ಶುರು ಮಾಡಿದರು. 1938ರ ಹೊತ್ತಿಗೆ ಅವರ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಮಂಡಕ್ಕಿ, ಬೆಣ್ಣೆಯ ಕಡೆ ತಿರುಗಿದರು. ಮುಂದಿನದ್ದು ನಿಮಗೆ ಗೊತ್ತೇ ಇದೆ.

ಈ ಕಥೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಬೆಣ್ಣೆಯಲ್ಲ, ದಾರಿ. 1928ರಲ್ಲಿ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು, ದಾವಣಗೆರೆ ಮೈಸೂರು ಸಂಸ್ಥಾನದಲ್ಲಿತ್ತು. ಒಂದು ಬ್ರಿಟಿಷರದು, ಇನ್ನೊಂದು ಮಹಾರಾಜರದು. ಹೊಟ್ಟೆಪಾಡಿಗೆ ಹೊರಟ ತಾಯಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಈಗ ನಾವು "ನಮ್ಮ ಮೈಸೂರು ಕಡೆ ದೋಸೆ" ಅಂತ ಬೀಗೋ ತಿಂಡಿಯ ಬೇರು ಹೊಳೆಯಾಚೆ ಇದೆ.

ಊಟದ ಗಡಿ ಹುಡುಕಿದರೂ ಹೀಗೇ ಆಗುತ್ತೆ. ಬೆಂಗಳೂರಿನಿಂದ ಹೊರಟರೆ ಕಡ್ಲೆಪುರಿ ದಾರಿಯಲ್ಲೆಲ್ಲೋ ಮಂಡಕ್ಕಿಯಾಗುತ್ತದೆ, ಮುಂದೆ ಧಾರವಾಡದ ಕಡೆ ಚುರಮುರಿ. ಮುದ್ದೆ ಚಿತ್ರದುರ್ಗದ ಆಸುಪಾಸಿನಲ್ಲೇ ಹಿಂದೆ ಸರಿದು ಜೋಳದ ರೊಟ್ಟಿಗೆ ಜಾಗ ಬಿಡುತ್ತದೆ. ದಾವಣಗೆರೆಗೆ ಬರುವ ಹೊತ್ತಿಗೆ ನೀವು ಪೂರಾ ರೊಟ್ಟಿಯ ನಾಡಿನಲ್ಲಿರುತ್ತೀರಿ. ನಕ್ಷೆಯಲ್ಲಿ ಗೆರೆ ಎಳೆದವರು ಹೊಳೆಯ ಮೇಲೆ ಎಳೆದರು. ತಟ್ಟೆಯಲ್ಲಿ ಆ ಗೆರೆ ಅಲ್ಲಿಲ್ಲ.

ಒಂದೇ ವಿಗ್ರಹ, ಎರಡು ಪಾಲು

ದಾವಣಗೆರೆಯಿಂದ ಹರಿಹರ 14 ಕಿಲೋಮೀಟರ್. ಸಂಕ್ರಾಂತಿಯ ದಿನ ಬೆಳಿಗ್ಗೆ ಹೋದೆವು. ಹೊಳೆದಂಡೆಯಲ್ಲಿ ಮಿಂದು, ಬುತ್ತಿ ಬಿಚ್ಚಿ ಕೂತಿದ್ದ ಮನೆಮಂದಿ ತುಂಬಾ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಾದಲಿ. ಬೆಂಗಳೂರಿನಲ್ಲಿ ಎಳ್ಳು-ಬೆಲ್ಲದ ಪೊಟ್ಟಣ ಹಂಚುವುದೇ ಸಂಕ್ರಾಂತಿ ಅಂದುಕೊಂಡಿರುವ ನನ್ನ ಗೆಳೆಯರು ಇದನ್ನು ನೋಡಬೇಕು.

ಊರಿನ ಹಳೆಯ ಹೆಸರು ಕೂಡಲೂರು. ಸೂಳೆಕೆರೆಯಿಂದ ಇಳಿದು ಬರುವ ಹರಿದ್ರಾ ಹಳ್ಳ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ, ಅದಕ್ಕೆ ಆ ಹೆಸರು. ಹರಿಯಿಂದಲಾಗಲಿ ಹರನಿಂದಲಾಗಲಿ ಸಾವಿಲ್ಲ ಎಂದು ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರು ಅನ್ನುವುದು ಸ್ಥಳಪುರಾಣ. ಗರ್ಭಗುಡಿಯ ವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು.

ಇತಿಹಾಸಕ್ಕೆ ಬಂದರೆ, ಈಗಿನ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಎರಡನೇ ನರಸಿಂಹನ ಮಂತ್ರಿ ಪೊಲಾಳ್ವ ದಂಡನಾಥ 1223ರ ಸುಮಾರಿಗೆ ಕಟ್ಟಿಸಿದ. 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಇವನೇ ಸೋಮನಾಥಪುರ ಕಟ್ಟಿಸಿದವನು. ಕಾವೇರಿ ಸೀಮೆಯಲ್ಲಿ ಸೋಮನಾಥಪುರ ಕಟ್ಟಿಸಿದ ಮನುಷ್ಯನೇ ತುಂಗಭದ್ರೆಯ ದಂಡೆಯಲ್ಲೂ ಕಲ್ಲು ಇಡಿಸುತ್ತಾನೆ ಅಂದರೆ, ಅವನ ಮನಸ್ಸಿನಲ್ಲಿದ್ದ ನಾಡು ಎಷ್ಟು ದೊಡ್ಡದಿರಬೇಕು! ಹೊಯ್ಸಳರಿಗೂ ದೇವಗಿರಿಯ ಸೇವುಣರಿಗೂ ಈ ಹೊಳೆಯ ಸುತ್ತಲೇ ಕಾದಾಟ ನಡೆಯುತ್ತಿದ್ದ ಕಾಲ ಅದು. ಅಂಥ ಕಡೆ, ಶೈವ-ವೈಷ್ಣವ ಎರಡನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದ ದೇವರಿಗೆ ಗುಡಿ ಎದ್ದಿತು.

ಎಂಜಿನಿಯರ್ ಆದವನಿಗೆ ಅಲ್ಲಿ ಕಣ್ಣಿಗೆ ಬೀಳೋದು ಕಂಬಗಳು. ಮಂಟಪದ ತುಂಬ ತಿರುಗಣೆಗೆ ಕೊಟ್ಟು ಕಡೆದ, ಕೈಯಾಡಿಸಿದರೆ ಜಾರುವಂಥ ಕಂಬಗಳು. ಇದೇ ಊರಿನಲ್ಲಿ 1941ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೈಸೂರು ಸಂಸ್ಥಾನದ ಬೆಂಬಲದಿಂದ 'ಮೈಸೂರು ಕಿರ್ಲೋಸ್ಕರ್' ಕಾರ್ಖಾನೆ ತೆರೆದರು. ಅಲ್ಲಿ ತಯಾರಾಗುತ್ತಿದ್ದ ಮುಖ್ಯ ಮಾಲು ಯಾವುದು ಹೇಳಿ? ಲೇತ್! ತಿರುಗಣೆಯಲ್ಲಿ ಕಲ್ಲು ಕಡೆದ ಊರಿನಲ್ಲಿ ಏಳು ಶತಮಾನದ ನಂತರ ದೇಶಕ್ಕೆಲ್ಲ ಲೇತ್ ಯಂತ್ರ ತಯಾರಾಯಿತು. ಈ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ದೋಸೆಯ ಹಾಗೆ ಲೇತ್ ಕೂಡ ಹೊಳೆ ದಾಟಿಯೇ ಬಂತು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಮುಚ್ಚಿತು. ಹರಿಹರದ ಎಷ್ಟೋ ಮನೆಗಳ ಅನ್ನ ಅದರೊಂದಿಗೆ ಹೋಯಿತು.

ಗಡಿಯ ಹುಟ್ಟು, ಸೇತುವೆಯ ಹುಟ್ಟು

ಈಗ ಹೊಳೆಯ ವಿಷಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಕ್ಷಿಣ ದಂಡೆಯ ಹರಿಹರ ಮೈಸೂರಿನ ಒಡೆಯರ ಪಾಲಿಗೆ ಬಂತು. ಉತ್ತರ ದಂಡೆಯಾಚೆ ಮರಾಠರ ಸೀಮೆ. ಅಲ್ಲಿಂದ ಶುರುವಾಯಿತು ನಮ್ಮ ಹಿರಿಯರ ನಾಲಿಗೆಯ ಮೇಲಿನ ಗಡಿ.

ಗಡಿ ಬಿದ್ದ ಮರುವರ್ಷವೇ ಒಂದು ಸೈನ್ಯ ಇಲ್ಲಿ ಬಂದು ನಿಂತಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಿಂದ ಹೊರಬಂದು, ದಂಡು ಕಟ್ಟಿ, ಕಂಪನಿಯವರಿಗೆ ತಲೆನೋವಾಗಿದ್ದ. ಅವನ ಬೆನ್ನು ಹತ್ತಿ 1800ರ ಜೂನಿನಲ್ಲಿ ಹರಿಹರಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಆದರೆ ಮಳೆಗಾಲದ ತುಂಗಭದ್ರೆಯ ಮುಂದೆ ಅವನೂ ಕಾಯಬೇಕಾಯಿತು. ಹರಿಗೋಲುಗಳಲ್ಲಿ ಸೈನ್ಯ, ತೋಪು, ದನಕರು ದಾಟಿಸಲು ದಿನಗಳೇ ಹಿಡಿದವು. ಧೋಂಡಿಯಾ ಕೊನೆಗೆ 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಹತ್ತಿರ ಸತ್ತ.

1818ಕ್ಕೆ ಪೇಶ್ವೆಯ ಆಳ್ವಿಕೆ ಮುಗಿದು ಆಚೆ ದಂಡೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಾಯಿತು. ಈಶಾನ್ಯಕ್ಕೆ ಸ್ವಲ್ಪ ದೂರದ ಹರಪನಹಳ್ಳಿ ಬಳ್ಳಾರಿ ಜಿಲ್ಲೆ, ಅಂದರೆ ಮದ್ರಾಸು. ಹರಿಹರದ ಸಂತೆಗೆ ಬಂದ ಮೂವರು ಕನ್ನಡಿಗರು ಮೂರು ಸರ್ಕಾರದ ಪ್ರಜೆಗಳಾಗಿರಬಹುದಿತ್ತು!

ಬೆಂಗಳೂರು-ಧಾರವಾಡ ಹೆದ್ದಾರಿಗೆ ಇಲ್ಲೊಂದು ಗಟ್ಟಿ ಸೇತುವೆ ಬಂದಿದ್ದು 1868ರಲ್ಲಿ. ಮೈಸೂರು ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು, ಲೆವಿನ್ ಬೌರಿಂಗ್ ಕಮಿಷನರ್. ಕಲ್ಲು ಮತ್ತು ಇಟ್ಟಿಗೆಯ ಸೇತುವೆ, 14 ಕಮಾನು, ಒಂದೊಂದರ ಅಗಲ 60 ಅಡಿ. ಕಮಾನುಗಳನ್ನು ಕೂಡಿದರೇ 840 ಅಡಿ. ಖರ್ಚು ಸುಮಾರು 3 ಲಕ್ಷ ರೂಪಾಯಿ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲೂ ಬಂತು, ಹುಬ್ಬಳ್ಳಿಯ ಕಡೆಗೆ ಕೂಡಿಕೊಂಡಿತು.

ಇವನ್ನೆಲ್ಲ ಕಟ್ಟಿದವರಿಗೆ ಕನ್ನಡಿಗರನ್ನು ಒಂದು ಮಾಡಬೇಕು ಅನ್ನೋ ಆಸೆ ಏನೂ ಇರಲಿಲ್ಲ. ದಂಡು ಹೋಗಬೇಕು, ಟಪಾಲು ಹೋಗಬೇಕು, ಹತ್ತಿ ಹೋಗಬೇಕು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತು, ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂದ ದಶಕ ಅದು. ಆದರೆ ದಾರಿಯ ಗುಣ ಒಂದಿದೆ. ಯಾರು ಯಾಕೆ ಹಾಕಿಸಿದರು ಅಂತ ನೋಡದೆ ಎಲ್ಲರೂ ಅದರ ಮೇಲೆ ನಡೆಯುತ್ತಾರೆ. ದಂಡಿಗೆ ಹಾಕಿದ ದಾರಿಯಲ್ಲಿ ಹೆಣ್ಣು ಕೊಟ್ಟು ತಂದರು, ನಾಟಕ ಕಂಪನಿ ಬಂತು, ಹತ್ತಿಯ ಗಾಡಿ ಬಂತು. ಆ ಹತ್ತಿಯಿಂದ ದಾವಣಗೆರೆಯಲ್ಲಿ ಗಿರಣಿಗಳೆದ್ದು, ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಹೆಸರು ಬಂತು. ಈಗ ಆ ಗಿರಣಿಗಳ ಸದ್ದೂ ಇಲ್ಲ.

1946ರಲ್ಲಿ ಎಲ್ಲ ಸೀಮೆಯ ಕನ್ನಡಿಗರು ಏಕೀಕರಣಕ್ಕಾಗಿ ಸಮ್ಮೇಳನ ಸೇರಿದ್ದು ದಾವಣಗೆರೆಯಲ್ಲಿ. ಅಧ್ಯಕ್ಷರಾಗಿದ್ದವರು ಮುಂಬಯಿ ಸರ್ಕಾರದ ಮಂತ್ರಿ ಎಂ. ಪಿ. ಪಾಟೀಲರು. ಮೈಸೂರು ಸಂಸ್ಥಾನದ ಊರು, ಮುಂಬಯಿ ಕಡೆಯ ಅಧ್ಯಕ್ಷರು! ಎಲ್ಲ ಕಡೆಯಿಂದ ಬರಲು ಅನುಕೂಲವಾದ ಊರು ಇನ್ನಾವುದಿತ್ತು? 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ಕ್ಕೆ ಧಾರವಾಡವೂ ಬಂತು. 157 ವರ್ಷದ ಗಡಿ ಹೋಗಿ ಹೊಳೆ ಮತ್ತೆ ಬರೀ ಹೊಳೆಯಾಯಿತು. ಹಳೆ ಮೈಸೂರಿನಲ್ಲಿ ಇದು ಬೇಡ ಅಂದವರು ಕಡಿಮೆಯೇನಿರಲಿಲ್ಲ. ಬೇಕು ಅಂದವರು ಗೆದ್ದಿದ್ದಕ್ಕೆ ಭಾಷಣಗಳಷ್ಟೇ ಕಾರಣ ಅಂತ ನನಗನಿಸುವುದಿಲ್ಲ. ಎರಡೂ ದಂಡೆಯ ಜನ ಅಷ್ಟು ಹೊತ್ತಿಗಾಗಲೇ ಬೀಗರಾಗಿದ್ದರು, ಪಾಲುದಾರರಾಗಿದ್ದರು, ಗಿರಾಕಿಗಳಾಗಿದ್ದರು.

ಈಗ ಯಾಕೆ ಈ ಮಾತು

ಉತ್ತರ ಕರ್ನಾಟಕ ಬೇರೆ ರಾಜ್ಯವಾಗಲಿ ಅನ್ನೋ ಕೂಗು ಆಗಾಗ ಏಳುತ್ತಲೇ ಇರುತ್ತದೆ. ಅದರ ಹಿಂದಿರೋ ಸಿಟ್ಟು ಸುಳ್ಳಲ್ಲ. ಬೆಂಗಳೂರಿನ ಒಂದು ರಸ್ತೆಗೆ ಹೋಗುವ ಗಮನ ನಮ್ಮ ಒಂದು ತಾಲ್ಲೂಕಿಗೆ ಬರಲ್ಲ ಅಂತ ನನ್ನವಳು ಹೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಗೆರೆ ಎಲ್ಲಿ ಎಳೆಯುತ್ತೀರಿ? ದಾವಣಗೆರೆ ಜಿಲ್ಲೆಯನ್ನೇ ನೋಡಿ. 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕು ಕೂಡಿಸಿ ಮಾಡಿದರು. ಆಗ ಬಂದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಇದ್ದ ಜಾಗದಿಂದ ಒಂದು ಅಂಗುಲ ಅಲ್ಲಾಡದೆ ಎಷ್ಟು ಜಿಲ್ಲೆ ತಿರುಗಿತು! ಅಲ್ಲಿನ ರೈತ ಮಾತ್ರ ಯಾವ ಪೇಟೆಯಲ್ಲಿ ನಾಲ್ಕು ಕಾಸು ಹೆಚ್ಚು ಸಿಗುತ್ತದೋ ಆ ಕಡೆಗೇ ಗಾಡಿ ತಿರುಗಿಸುತ್ತಾನೆ.

ನನಗೆ ಅಂಜಿಕೆ ಇರೋದು ಗೆರೆಗಳ ಬಗ್ಗೆಯಲ್ಲ, ದಾರಿಯ ಬಗ್ಗೆ. ನಾಲ್ಕನೇ ನಂಬರಿನ ಹೆದ್ದಾರಿ ಈಗ 48 ಆಗಿದೆ, ಅಗಲವಾಗಿದೆ, ಊರ ಹೊರಗಿನಿಂದ ಹೋಗುತ್ತದೆ. ವೆಲ್ಲೆಸ್ಲಿಗೆ ದಿನಗಟ್ಟಲೆ ಹಿಡಿದ ಹೊಳೆಯನ್ನು ನಾವು ಒಂದು ಹಾಡು ಮುಗಿಯೋದರೊಳಗೆ ದಾಟುತ್ತೇವೆ. ಹುಬ್ಬಳ್ಳಿಗೆ, ಪುಣೆಗೆ ಹೋಗುವವರಿಗೆ ಹರಿಹರ ಅನ್ನೋದು ಒಂದು ಹಸಿರು ಬೋರ್ಡು. ದಾರಿಹೋಕರು ನಿಂತದ್ದರಿಂದ ಹುಟ್ಟಿದ ಊರುಗಳು ಇವು. ಯಾರೂ ನಿಲ್ಲದೇ ಹೋದರೆ, ಹೊಳೆಯಾಚೆಯವರು ಈಚೆಯವರಿಗೆ ಬರೀ ಟೀವಿಯ ಸುದ್ದಿಯಾಗಿ ಉಳಿಯುತ್ತಾರೆ. ಗಡಿ ಹುಟ್ಟೋದು ಹಾಗೇ. ಈ ಚಳಿಗಾಲದಲ್ಲಿ ಆ ಕಡೆ ಹೊರಟವರು ಬೈಪಾಸ್ ಬಿಟ್ಟು ಊರೊಳಗೆ ಒಂದರ್ಧ ದಿನ ನಿಲ್ಲಿ. ಗುಡಿಯ ಕಂಬ ಮುಟ್ಟಿ ನೋಡಿ, ಬಿಸಿ ಮಂಡಕ್ಕಿ-ಮಿರ್ಚಿ ತಿನ್ನಿ, ಎದುರಿಗೆ ಕೂತವರ ಕನ್ನಡಕ್ಕೆ ಕಿವಿಗೊಡಿ.

ಕೊನೆಯದಾಗಿ ಒಂದು ಕೋರಿಕೆ. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದ ಕಾಲವನ್ನು ಕಣ್ಣಾರೆ ಕಂಡ ಅಜ್ಜ-ಅಜ್ಜಿಯರು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಯಾವ ಹೊಳೆ ದಾಟಿ ಎಲ್ಲಿಂದ ಹೆಣ್ಣು ತಂದರು, ಯಾವ ಸಂತೆಗೆ ಹೋಗುತ್ತಿದ್ದರು, ಗಡಿಯಾಚೆಯವರನ್ನು ಏನೆಂದು ಕರೆಯುತ್ತಿದ್ದರು? ಅವರು ಹೇಳಿದ್ದನ್ನು ಹೇಳಿದ ಹಾಗೇ, ಅವರ ಕನ್ನಡದಲ್ಲೇ ಬರೆದಿಡಿ. 1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಹತ್ತಿರ. ಹೆಚ್ಚು ಸಮಯ ಇಲ್ಲ.